ಚಾಸಿ ಸಂಖ್ಯೆಯ ಸಾಕ್ಷ್ಯ ಎಷ್ಟು ನಂಬಲರ್ಹ?

ಅಮೆರಿಕದ ಮಾಂಟೆರೆಯಲ್ಲಿ 2018ರ ಆಗಸ್ಟ್‌ನಲ್ಲಿ ನಡೆದ ಹರಾಜಿನಲ್ಲಿ 1962ರ ಫೆರಾರಿ 250 ಜಿಟಿಒ ಕಾರೊಂದು 4 ಕೋಟಿ 84 ಲಕ್ಷ ಡಾಲರಿಗೆ ಮಾರಾಟವಾಯಿತು. ಆ ಮೊತ್ತದ ಬಹುಪಾಲು ಸಂದದ್ದು 3413 ಜಿಟಿ ಎಂಬ ಸಂಖ್ಯೆಗೆ ಎಂದರೆ ತಪ್ಪಾಗಲಾರದು. ಅದೇ ಅಳತೆಯ ಚೌಕಟ್ಟನ್ನೂ ಅದೇ ಬಗೆಯ ಅಲ್ಯೂಮಿನಿಯಂ ಬಾಡಿಯನ್ನೂ ನುರಿತ ಕೆಲಸಗಾರರು ಇಂದಿಗೂ ತಯಾರಿಸಬಲ್ಲರು, ತಯಾರಿಸುತ್ತಲೂ ಇದ್ದಾರೆ. ಆದರೆ ಅಂತಹ ಪ್ರತಿಕೃತಿಗೆ ಮೂಲ ಕಾರಿನ ಬೆಲೆಯ ಒಂದು ಸಣ್ಣ ಪಾಲೂ ದಕ್ಕುವುದಿಲ್ಲ. ಇನ್ನೂ ಸೋಜಿಗದ ಸಂಗತಿಯೆಂದರೆ, 3413ರ ಮೇಲಿರುವ ಬಾಡಿ ಅದು ಹುಟ್ಟಿದಾಗ ತೊಟ್ಟ ಬಾಡಿಯಲ್ಲ. 1964ರಲ್ಲಿ ಇಟಲಿಯ ಮೊಡೆನಾದ ಬಾಡಿ ತಯಾರಕ ಸ್ಕಾಲ್ಯೆಟ್ಟಿಯ ಕಾರ್ಖಾನೆ ಹಳೆಯದನ್ನು ಕಳಚಿ ಆ ವರ್ಷದ ಹೊಸ ವಿನ್ಯಾಸವನ್ನು ಕೂರಿಸಿತ್ತು. ಹೊರಮೈ ಪೂರ್ತಿ ಬದಲಾದರೂ ಕಾರು ಅದೇ ಎಂದು ಲೋಕ ಒಪ್ಪಿಕೊಂಡಿದೆ. ಹೀಗಿರುವಾಗ ಹಳೆಯ ರೇಸ್ ಕಾರಿನ ಗುರುತು ಅದರ ಯಾವ ಭಾಗದಲ್ಲಿ ನೆಲೆಸಿದೆ ಎಂಬ ಪ್ರಶ್ನೆ ಕೇವಲ ತತ್ತ್ವಶಾಸ್ತ್ರದ್ದಾಗಿ ಉಳಿಯದೆ, ಸಂಶೋಧಕರ, ಹರಾಜುಗಾರರ ಮತ್ತು ನ್ಯಾಯಾಲಯಗಳ ದಿನನಿತ್ಯದ ಪ್ರಶ್ನೆಯಾಗಿದೆ.

ಮೊದಲು ಪರಿಭಾಷೆ. ಎಂಜಿನ್, ಚಕ್ರ, ಬಾಡಿ ಎಲ್ಲವನ್ನೂ ಹೊರುವ ಉಕ್ಕಿನ ಚೌಕಟ್ಟೇ ಚಾಸಿ. ವಾಹನದ ಹೆಸರು ಬದಲಾಯಿಸಲು ಆರ್‌ಟಿಒ ಕಚೇರಿಗೆ ಹೋದವರಿಗೆ, ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವ ಕ್ರಮ ಗೊತ್ತಿರುತ್ತದೆ. ಇಟಲಿಯ ಹಳೆಯ ಕಾರುಗಳಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ ಎರಡು ಕಡೆ ಕಾಣಸಿಗುತ್ತದೆ: ಒಂದು, ಚೌಕಟ್ಟಿನ ಕೊಳವೆಯ ಮೇಲೆ ಅಂಕಿಯ ಅಚ್ಚುಗಳನ್ನು ಒಂದೊಂದಾಗಿ ಇಟ್ಟು ಸುತ್ತಿಗೆಯಿಂದ ಹೊಡೆದು ಮೂಡಿಸಿದ್ದು; ಇನ್ನೊಂದು, ಎಂಜಿನ್ ಕೋಣೆಯ ಗೋಡೆಗೆ ರಿವೆಟ್ ಹೊಡೆದು ಕೂರಿಸಿದ ಪುಟ್ಟ ಲೋಹದ ಫಲಕದ ಮೇಲೆ ಇರುವುದು. ಕೈಯಿಂದ ಹೊಡೆದ ಅಂಕಿಗಳು ಸ್ವಲ್ಪ ವಾಲಿರುತ್ತವೆ, ಅವುಗಳ ನಡುವಣ ಅಂತರ ಒಂದೇ ಸಮನಾಗಿರುವುದಿಲ್ಲ, ಅಚ್ಚಿನ ಆಕಾರ ಕಾಲಕಾಲಕ್ಕೆ ಬದಲಾಗಿರುತ್ತದೆ. ಆದ್ದರಿಂದ ಅವು ಸಂಶೋಧಕನಿಗೆ ಬಹಳಷ್ಟನ್ನು ತಿಳಿಸುತ್ತವೆ. ಫಲಕವಾದರೋ ನಾಲ್ಕು ರಿವೆಟ್‌ಗಳ ಆಧಾರದಲ್ಲಿ ನಿಂತದ್ದು, ಒಂದು ಕಾರಿನಿಂದ ಕಿತ್ತು ಮತ್ತೊಂದಕ್ಕೆ ಕೂರಿಸಲು ಐದು ನಿಮಿಷ ಸಾಕು.

ಫೆರಾರಿಯ ಸಂಖ್ಯಾಕ್ರಮ ಬೇರೆ ಕಂಪನಿಗಳದ್ದಕ್ಕಿಂತ ಹೆಚ್ಚು ಮಾತಾಡುತ್ತದೆ. ಅಂಕಿಗಳ ನಂತರ ಬರುವ ಅಕ್ಷರಗಳು ಮಾದರಿಯನ್ನು ಸೂಚಿಸುತ್ತವೆ: ಜಿಟಿ ಎಂದರೆ ಗ್ರ್ಯಾನ್ ಟುರಿಸ್ಮೊ, ಎಎಂ ಎಂದರೆ ಅಮೆರಿಕ, ಟಿಆರ್ ಎಂದರೆ ಟೆಸ್ಟಾ ರೊಸ್ಸಾ. ಇದಲ್ಲದೆ ಹಲವು ದಶಕಗಳ ಕಾಲ ರಸ್ತೆಯ ಕಾರುಗಳಿಗೆ ಬೆಸ ಸಂಖ್ಯೆ, ರೇಸಿಗೆಂದೇ ಕಟ್ಟಿದ ಕಾರುಗಳಿಗೆ ಸಮ ಸಂಖ್ಯೆ ಎಂಬ ವಿಂಗಡಣೆ ಇತ್ತು. ರೇಸಿಗಾಗಿಯೇ ಹುಟ್ಟಿದ ಜಿಟಿಒಗೆ ಬೆಸ ಸಂಖ್ಯೆ ಬಂದದ್ದು ಈ ಹಿನ್ನೆಲೆಯಲ್ಲಿ ಗಮನಾರ್ಹ. ಮೋಟಾರ್ ಕ್ರೀಡೆಯ ಜಾಗತಿಕ ಒಕ್ಕೂಟವಾದ ಎಫ್‌ಐಎ, ಜಿಟಿ ವರ್ಗದ ಕಾರು ಕನಿಷ್ಠ 100 ತಯಾರಾಗಿರಬೇಕೆಂದು ನಿಯಮ ವಿಧಿಸಿತ್ತು. ಜಿಟಿಒಗಳಾದರೋ ತಯಾರಾದದ್ದು ಒಟ್ಟು 36. ಇದು ಹೊಸ ಕಾರಲ್ಲ, ಈಗಾಗಲೇ ಮಾರುಕಟ್ಟೆಯಲ್ಲಿರುವ 250 ಜಿಟಿಯ ಸುಧಾರಿತ ರೂಪ ಎಂಬ ಫೆರಾರಿಯ ವಾದವನ್ನು ಒಕ್ಕೂಟ ಒಪ್ಪಿಕೊಂಡಿತು. ಮುಂದೆ ಎಂಜಿನ್ ಬೆನ್ನಹಿಂದೆ ಇರುವ 250 ಎಲ್‌ಎಂ ಕಾರಿನ ವಿಷಯದಲ್ಲಿ ಅದೇ ಬಗೆಯ ವಾದ ಫಲಿಸಲಿಲ್ಲ. ಆದರೂ 1965ರಲ್ಲಿ ಲೆ ಮಾನ್‌ನ 24 ಗಂಟೆಗಳ ರೇಸನ್ನು ಗೆದ್ದ ಎಲ್‌ಎಂ ಕಾರಿನ ಸಂಖ್ಯೆ 5893, ಅಂದರೆ ಬೆಸ. ಕಾರ್ಖಾನೆ ಕೊಟ್ಟ ಸಂಖ್ಯೆಯಲ್ಲೇ ಒಂದು ವಾದ ಅಡಗಿತ್ತೆಂದು ಇದರಿಂದ ತಿಳಿಯಬಹುದು.

ಒಂದೇ ಆಸನದ ಗ್ರ್ಯಾನ್ ಪ್ರಿ ಕಾರುಗಳ ಸಂಖ್ಯೆಗಳು ಇನ್ನಷ್ಟು ಗೊಂದಲಕಾರಿ. ಅಲ್ಲಿ ಹೊಸ ಮಾದರಿ ಬಂದಾಗ ಎಣಿಕೆ ಮತ್ತೆ 0001ರಿಂದ ಆರಂಭವಾಗುತ್ತಿದ್ದುದರಿಂದ, 0001 ಎಂಬ ಫೆರಾರಿ ಯಾವುದು ಎಂಬ ಪ್ರಶ್ನೆಗೆ ವರ್ಷವನ್ನೂ ಮಾದರಿಯನ್ನೂ ಹೇಳದೆ ಉತ್ತರವಿಲ್ಲ.

ಸಂಖ್ಯೆಗಳು ದಾರಿತಪ್ಪಿಸಲು ಮುಖ್ಯ ಕಾರಣ ವಂಚನೆಯಲ್ಲ, ಸುಂಕದ ಕಚೇರಿ. ಯುರೋಪಿನ ದೇಶಗಳ ನಡುವೆ ಗಡಿ ತಪಾಸಣೆ ಬಿಗಿಯಾಗಿದ್ದ 1950ರ ದಶಕದಲ್ಲಿ, ರೇಸಿಗಾಗಿ ಪರದೇಶಕ್ಕೆ ಹೋಗುವ ಕಾರು ಕಾರ್ನೆ ಎಂಬ ದಾಖಲೆ ಪುಸ್ತಕದೊಂದಿಗೆ ಗಡಿ ದಾಟಬೇಕಿತ್ತು. ವಾಹನವನ್ನು ಅಲ್ಲಿ ಮಾರದೆ ಮರಳಿ ತರಲಾಗುವುದು ಎಂಬ ಖಾತರಿಯೇ ಈ ಕಾರ್ನೆ. ಅದರಲ್ಲಿ ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ನಮೂದಾಗಿರುತ್ತಿದ್ದವು. ಭಾನುವಾರದ ರೇಸಿಗೆ ಹೊರಡಬೇಕಾದ ಕಾರು ಗುರುವಾರ ಕೆಟ್ಟು ಕೂತರೆ, ಹೊಸ ಕಾಗದಪತ್ರ ಮಾಡಿಸಲು ಸಮಯ ಇರುತ್ತಿರಲಿಲ್ಲ; ಪಕ್ಕದಲ್ಲಿ ಸಿದ್ಧವಾಗಿ ನಿಂತ ಕಾರಿಗೆ ಕೆಟ್ಟ ಕಾರಿನ ಫಲಕ ಹೊಡೆದು ಲಾರಿಗೆ ಏರಿಸುವುದು ಎಲ್ಲಕ್ಕಿಂತ ಸುಲಭದ ದಾರಿಯಾಗಿತ್ತು. ಮೆಕ್ಯಾನಿಕ್‌ಗಳ ಕಣ್ಣಿಗೆ ಅದು ಸುಳ್ಳೇ ಅಲ್ಲ. ಸಂಖ್ಯೆ ಸೇರಿದ್ದು ಕಾಗದಕ್ಕೆ, ಕಾರಿಗಲ್ಲ ಎಂಬುದು ಅವರ ನಿಲುವು. ಅರವತ್ತು ವರ್ಷಗಳ ನಂತರ ಅದೇ ಸಂಖ್ಯೆಗೆ ಕೋಟಿಗಟ್ಟಲೆ ಬೆಲೆ ಬಂದೀತೆಂದು ಯಾರೂ ಊಹಿಸಿರಲಿಲ್ಲ. 1960ರ ದಶಕದ ಕೊನೆಯಲ್ಲಿ ಬಳಸಿ ಹಳತಾದ ಜಿಟಿಒ ಕೂಡ ಕೆಲವೇ ಸಾವಿರ ಡಾಲರಿಗೆ ಸಿಗುತ್ತಿತ್ತು.

ಇದಕ್ಕೆ ಅತ್ಯುತ್ತಮ ನಿದರ್ಶನ ಮಸೆರಾಟಿ 250ಎಫ್. 1954ರಲ್ಲಿ ರಂಗಕ್ಕಿಳಿದ, ಎರಡೂವರೆ ಲೀಟರಿನ ಆರು ಸಿಲಿಂಡರ್ ಎಂಜಿನ್ನಿನ ಈ ಗ್ರ್ಯಾನ್ ಪ್ರಿ ಕಾರಿನ ಸಂಖ್ಯೆಗಳು 2501ರಿಂದ ಮೇಲಕ್ಕೆ ಸಾಗುತ್ತವೆ. ಮೊದಲ ವರ್ಷ ಹೊಸ ಚೌಕಟ್ಟುಗಳು ಸಾಲದೆ ಬಂದಾಗ, ಹಿಂದಿನ ಎ6ಜಿಸಿಎಂ ಮಾದರಿಯ ಚೌಕಟ್ಟಿಗೆ ಹೊಸ ಎಂಜಿನ್ ಕೂರಿಸಿ ಕೆಲವು ಗ್ರಾಹಕರಿಗೆ ಕೊಡಲಾಯಿತು. ಹೀಗಾಗಿ ಸರಣಿಯ ಆರಂಭದಲ್ಲೇ 250ಎಫ್ ಎನ್ನಬೇಕೋ ಬೇಡವೋ ಎಂದು ಅನುಮಾನಿಸಬೇಕಾದ ಕಾರುಗಳಿವೆ. ಮುಂದೆ ಮೊಡೆನಾದ ಕಾರ್ಖಾನೆ ಅಪಘಾತಕ್ಕೊಳಗಾದ ಕಾರಿನ ಸಂಖ್ಯೆಯನ್ನು ಹೊಸ ಚೌಕಟ್ಟಿಗೆ ಕೊಟ್ಟದ್ದುಂಟು, ಹಳೆಯ ಕಾರನ್ನು ದುರಸ್ತಿ ಮಾಡಿ ಬೇರೆ ಸಂಖ್ಯೆಯೊಂದಿಗೆ ಮಾರಿದ್ದುಂಟು. ಬ್ರಿಟನ್ನಿನ ಪತ್ರಕರ್ತ ಡೆನಿಸ್ ಜೆಂಕಿನ್ಸನ್ ಆ ಕಾಲದ ರೇಸುಗಳಲ್ಲಿ ಗ್ಯಾರೇಜುಗಳ ಮುಂದೆ ನಿಂತು ಕಾರುಗಳ ವಿವರಗಳನ್ನು ಗುರುತು ಹಾಕಿಕೊಳ್ಳುತ್ತಿದ್ದರು. ಚೌಕಟ್ಟಿನ ಕೊಳವೆ ಎಲ್ಲಿ ಬಾಗಿದೆ, ತೈಲದ ತೊಟ್ಟಿ ಯಾವ ಬದಿಗಿದೆ, ಮೂತಿಯ ಗಾಳಿಕಿಂಡಿ ಎಷ್ಟು ಉದ್ದವಿದೆ ಎಂಬಂತಹ ಸಣ್ಣ ವಿವರಗಳಿಂದಲೇ, ಫಲಕದ ಮೇಲಿನ ಸಂಖ್ಯೆ ಒಂದೇ ಆಗಿದ್ದರೂ ಕಾರು ಬೇರೆ ಎಂದು ಕಂಡುಕೊಳ್ಳುವ ಕ್ರಮವನ್ನು ಅವರು ಬೆಳೆಸಿದರು. ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ 1957ರ ಆಗಸ್ಟ್ 4ರಂದು ಚಾಲಕ ಹುವಾನ್ ಮ್ಯಾನುಯೆಲ್ ಫ್ಯಾಂಜಿಯೊ ಗಳಿಸಿದ ಪ್ರಸಿದ್ಧ ಗೆಲುವಿನ ಕಾರು 2529 ಎಂದು ಇಂದು ಖಚಿತವಾಗಿ ಹೇಳುವುದು ಸಾಧ್ಯವಾಗಿರುವುದು ಇಂತಹ ನಿಗಾ ಇದ್ದುದರಿಂದಲೇ.

ಸಂಖ್ಯೆಯ ಗೊಂದಲಕ್ಕಿಂತ ದೊಡ್ಡ ತೊಡಕು, ಕಾರುಗಳೇ ಉಳಿಯದಿರುವುದು. ತಯಾರಕರಿಗೆ ರೇಸ್ ಕಾರು ಒಂದು ಉಪಕರಣ. ಅದರ ಕೆಲಸ ಮುಗಿದ ಮೇಲೆ ಮಾರಬೇಕು, ಇಲ್ಲವೇ ಬಿಚ್ಚಿ ಭಾಗಗಳನ್ನು ಬಳಸಿಕೊಳ್ಳಬೇಕು. ಫೆರಾರಿಯ ಹೆಸರು ಹೊತ್ತ ಮೊದಲ ಕಾರಾದ 125 ಎಸ್, 1947ರ ಮೇ 11ರಂದು ಪಿಯಾಚೆಂಜಾದಲ್ಲಿ ಓಡಿ, ಅದೇ ತಿಂಗಳು ರೋಮ್‌ನಲ್ಲಿ ಗೆದ್ದಿತು. ಅನಂತರ ಆ ಮೊದಲ ಕಾರುಗಳನ್ನು ಬಿಚ್ಚಿ ಭಾಗಗಳನ್ನು ಮುಂದಿನ ಮಾದರಿಗಳಿಗೆ ಬಳಸಲಾಯಿತು. ಇಂದು ಪ್ರದರ್ಶನದಲ್ಲಿ ಕಾಣುವ 125 ಎಸ್ ಕಂಪನಿಯೇ ಬಹುಕಾಲದ ನಂತರ ಕಟ್ಟಿಸಿದ ಪ್ರತಿ. ವಿತ್ತೋರಿಯೊ ಯಾನೊ ರೂಪಿಸಿದ ಲಾನ್ಚಿಯಾ ಡಿ50 ಕಾರುಗಳ ಕಥೆ ಇನ್ನೂ ತಿರುವುಮುರುವಿನದು. ಚಾಲಕ ಆಲ್ಬೆರ್ತೊ ಅಸ್ಕಾರಿ 1955ರ ಮೇ 26ರಂದು ಮೊಂಜಾದಲ್ಲಿ ತೀರಿಕೊಂಡ ಮೇಲೆ, ಹಣದ ಮುಗ್ಗಟ್ಟಿನಲ್ಲಿದ್ದ ಲಾನ್ಚಿಯಾ ಅದೇ ಜುಲೈನಲ್ಲಿ ತನ್ನ ಆರು ಕಾರುಗಳನ್ನು ಫೆರಾರಿಗೆ ಒಪ್ಪಿಸಿತು. ಫ್ಯಾಂಜಿಯೊ 1956ರ ವಿಶ್ವ ಚಾಂಪಿಯನ್ ಆದದ್ದು, ಫೆರಾರಿ ತನ್ನಿಚ್ಛೆಯಂತೆ ಮಾರ್ಪಡಿಸಿದ ಈ ಕಾರುಗಳಲ್ಲೇ. ಬಳಕೆ ಮುಗಿದ ಮೇಲೆ ಅವನ್ನು ಒಡೆಯಲಾಯಿತು. ಮೂಲ ಡಿ50ಗಳಾಗಿ ಉಳಿದವು ಎರಡೇ, ಎರಡೂ ಇಟಲಿಯಲ್ಲಿವೆ. ಮಿಕ್ಕ ಡಿ50ಗಳು ಉಳಿದುಕೊಂಡ ಹಳೆಯ ಗೇರ್‌ಬಾಕ್ಸ್ ಮೊದಲಾದವುಗಳ ಸುತ್ತ ಹೊಸದಾಗಿ ಕಟ್ಟಿದವು. ಚಾಲಕ ಫಿಲ್ ಹಿಲ್ 1961ರಲ್ಲಿ ವಿಶ್ವ ಚಾಂಪಿಯನ್ ಪ್ರಶಸ್ತಿ ಗೆದ್ದ, ಶಾರ್ಕ್ ಮೀನಿನ ಮೂತಿಯ ಫೆರಾರಿ 156ರ ವಿಷಯದಲ್ಲಂತೂ ಅನುಮಾನಕ್ಕೂ ಎಡೆಯಿಲ್ಲ. ಕಾರ್ಖಾನೆ ಅಷ್ಟನ್ನೂ ನಾಶಮಾಡಿದ್ದರಿಂದ, ಇಂದು ರೇಸ್‌ಪಥದ ಮೇಲೆ ಕಾಣುವ ಅಂತಹ ಕಾರು ಎಷ್ಟೇ ಚೆಲುವಾಗಿದ್ದರೂ ಪ್ರತಿಕೃತಿಯೇ.

ಹಾಗಾದರೆ ಸಂಶೋಧಕ ಯಾವುದನ್ನು ನಂಬಬೇಕು? ಒಂದನ್ನೇ ನಂಬಬಾರದು, ಎಲ್ಲವನ್ನೂ ಒಂದಕ್ಕೊಂದು ತಾಳೆ ನೋಡಬೇಕು ಎಂಬುದೇ ಈ ಕ್ಷೇತ್ರದ ಪದ್ಧತಿ. ಗಂಗರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಶಾಸನತಜ್ಞ ಜೆ. ಎಫ್. ಫ್ಲೀಟ್ ವಾದಿಸಿದಾಗ, ಲಿಪಿಯ ಆಕಾರ, ತಿಥಿವಾರಗಳ ಹೊಂದಿಕೆ, ವಂಶಾವಳಿ ಇವುಗಳ ನಡುವಣ ವಿರೋಧಗಳನ್ನು ಎತ್ತಿ ತೋರಿಸಿದ ಕ್ರಮಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಕಾರಿನ ವಿಷಯದಲ್ಲಿ ಲಿಪಿಯ ಸ್ಥಾನದಲ್ಲಿ ಅಂಕಿಯ ಅಚ್ಚು, ವಂಶಾವಳಿಯ ಸ್ಥಾನದಲ್ಲಿ ಮಾಲೀಕರ ಸಾಲು ಇರುತ್ತದೆ.

ಮಾಲೀಕರ ಸಾಲನ್ನು ಹಿಡಿಯಲು ಇಟಲಿಯಲ್ಲಿ ಒಂದು ಅಮೂಲ್ಯ ಆಕರವಿದೆ. 1927ರಲ್ಲಿ ಸ್ಥಾಪನೆಯಾಗಿ ಅಲ್ಲಿನ ಆಟೊಮೊಬೈಲ್ ಕ್ಲಬ್ಬಿನ ಆಡಳಿತದಲ್ಲಿರುವ ಸಾರ್ವಜನಿಕ ವಾಹನ ನೋಂದಣಿ ದಾಖಲೆ, ಅಂದರೆ ಪಿಆರ್‌ಎ, ಒಂದು ನಂಬರ್ ಪ್ಲೇಟಿನ ಕಾರು ಯಾರಿಂದ ಯಾರ ಕೈಗೆ ಯಾವ ದಿನ ಹೋಯಿತೆಂಬುದನ್ನು ಕಾಲಾನುಕ್ರಮದಲ್ಲಿ ನಮೂದಿಸುತ್ತದೆ. ಪ್ಲೇಟಿನ ಆರಂಭದ ಅಕ್ಷರಗಳು ಪ್ರಾಂತ್ಯವನ್ನು ತಿಳಿಸುತ್ತಿದ್ದವು: ಎಂಒ ಎಂದರೆ ಮೊಡೆನಾ, ಬಿಎಸ್ ಎಂದರೆ ಬ್ರೆಶಾ, ಎಂಐ ಎಂದರೆ ಮಿಲಾನ್. ಕಾರು ಬೇರೆ ಪ್ರಾಂತ್ಯದ ಮಾಲೀಕನಿಗೆ ಮಾರಾಟವಾದರೆ ಪ್ಲೇಟ್ ಬದಲಾಗುತ್ತಿದ್ದುದರಿಂದ, ಹಳೆಯ ಛಾಯಾಚಿತ್ರವೊಂದರಲ್ಲಿ ಪ್ಲೇಟ್ ಓದಲು ಸಿಕ್ಕಿದರೆ ಆ ಚಿತ್ರದ ಕಾಲಾವಧಿಯೂ ಸ್ಥೂಲವಾಗಿ ಸಿಕ್ಕಂತೆ. ಆದರೆ ಇಲ್ಲೊಂದು ಬಲೆಯಿದೆ. ಕಾರ್ಖಾನೆಗಳು ಪರೀಕ್ಷೆಗೆ ಬಳಸುತ್ತಿದ್ದ ‘ಪ್ರೋವಾ’ ಪ್ಲೇಟುಗಳು ತಯಾರಕನ ಹೆಸರಿಗೆ ಸೇರಿದವು, ಬೆಳಿಗ್ಗೆ ಒಂದು ಕಾರಿನ ಮೇಲಿದ್ದದ್ದು ಸಂಜೆ ಇನ್ನೊಂದರ ಮೇಲಿರಬಹುದಿತ್ತು. ಕಾರ್ಖಾನೆಯ ತಂಡಗಳು ಅಂತಹ ಪ್ಲೇಟ್ ಹಾಕಿಕೊಂಡೇ ಮಿಲ್ಲೆ ಮಿಲ್ಯಾ ಓಡಿದ್ದುಂಟು. ಈ ಪ್ಲೇಟನ್ನು ಆಧಾರವಾಗಿ ಹಿಡಿದು ಬರೆದ ವಂಶಾವಳಿಗಳು ಕುಸಿದುಬಿದ್ದದ್ದರಲ್ಲಿ ಅಚ್ಚರಿಯಿಲ್ಲ.

ಮಿಲ್ಲೆ ಮಿಲ್ಯಾ ಎಂದರೆ ಬ್ರೆಶಾದಿಂದ ರೋಮ್‌ವರೆಗೆ ಹೋಗಿ ಮರಳುವ, ಸುಮಾರು 1,600 ಕಿಲೋಮೀಟರ್ ಉದ್ದದ, ಸಾರ್ವಜನಿಕ ರಸ್ತೆಗಳ ಮೇಲಿನ ರೇಸ್. 1927ರಿಂದ 1957ರವರೆಗೆ ನಡೆದು, ಕೊನೆಯ ವರ್ಷದ ಭೀಕರ ಅಪಘಾತದಿಂದಾಗಿ ನಿಂತುಹೋಯಿತು. ಛಾಯಾಚಿತ್ರ ಓದುವವರಿಗೆ ಅದರ ಒಂದು ಪದ್ಧತಿ ವರದಾನವಾಗಿದೆ. 1949ರ ಹೊತ್ತಿಗೆ ಕಾರಿನ ಮೇಲೆ ಬರೆಯುವ ಸ್ಪರ್ಧಾ ಸಂಖ್ಯೆ ಅದು ಹೊರಟ ಸಮಯವನ್ನೇ ಸೂಚಿಸುತ್ತಿತ್ತು: 1957ರಲ್ಲಿ ಗೆದ್ದ ಪಿಯೆರೊ ತರುಫಿಯವರ ಫೆರಾರಿಯ ಮೇಲಿನ 535 ಎಂದರೆ ಬೆಳಗಿನ 5 ಗಂಟೆ 35 ನಿಮಿಷ. ಸಂಖ್ಯೆಯಿಂದ ಸಮಯ, ಸಮಯದಿಂದ ಚಾಲಕನ ಹೆಸರು ಸಿಗುತ್ತದೆ. ಆದರೆ ಪ್ರವೇಶ ಪಟ್ಟಿಗಳಲ್ಲಿ ಚಾಸಿ ಸಂಖ್ಯೆ ಸಾಮಾನ್ಯವಾಗಿ ಇರುವುದಿಲ್ಲ. ಚಾಲಕನಿಂದ ಕಾರಿಗೆ ದಾಟಲು ರಿವೆಟ್‌ಗಳ ಸಾಲು, ಗಾಳಿಗಂಡಿಗಳ ಎಣಿಕೆ, ಪೆಟ್ರೋಲ್ ಮುಚ್ಚಳದ ಜಾಗ, ಒಂದು ಬದಿಯ ತಗಡಿನ ಹಳೆಯ ಡೊಂಕು ಇವುಗಳನ್ನೇ ಆಶ್ರಯಿಸಬೇಕು. ಸ್ಕಾಲ್ಯೆಟ್ಟಿ, ಟೂರಿಂಗ್, ಜಗಾಟೊ ಮೊದಲಾದ ಬಾಡಿ ತಯಾರಕರು ತಗಡನ್ನು ಮರದ ಅಚ್ಚು, ತಂತಿಯ ಚೌಕಟ್ಟುಗಳ ನೆರವಿನಿಂದ ಕೈಯಲ್ಲೇ ಬಡಿದು ರೂಪಿಸುತ್ತಿದ್ದುದರಿಂದ ಯಾವ ಎರಡು ಕಾರುಗಳೂ ತದ್ರೂಪವಾಗಿರುವುದಿಲ್ಲ. ಇದು ಅಂದಿನ ಕೊಳ್ಳುಗನಿಗೆ ಕೊರತೆಯೆನಿಸಿರಬಹುದು, ಇಂದಿನ ಸಂಶೋಧಕನ ಪಾಲಿಗೆ ಬೆರಳಚ್ಚು. ಬಾಡಿ ತಯಾರಕರು ಬಾಗಿಲು, ಬಾನೆಟ್ ಮೊದಲಾದ ಬಿಡಿ ತಗಡುಗಳ ಒಳಬದಿಯಲ್ಲಿ ಹಾಕಿಕೊಂಡ ತಮ್ಮದೇ ಸಂಖ್ಯೆಗಳು ಮತ್ತು ಮಿಲಾನ್‌ನ ಜಿಲ್ಕೊ ಸಂಸ್ಥೆ ಫೆರಾರಿಗಾಗಿ ಮಾಡಿಕೊಟ್ಟ ಚೌಕಟ್ಟುಗಳ ಮಾದರಿ ಸಂಖ್ಯೆಗಳೂ ಇಂತಹವೇ ಸಾಕ್ಷ್ಯಗಳು. ಅವನ್ನು ನಕಲು ಮಾಡಬೇಕೆಂದು ಹಿಂದೆ ಯಾರಿಗೂ ತೋಚಿರಲಿಲ್ಲ ಎಂಬುದೇ ಅವುಗಳ ಬಲ.

ಕಾರು ತನ್ನ ಮಾದರಿಯನ್ನೇ ಬದಲಿಸಿಕೊಂಡ ಉದಾಹರಣೆಯೂ ಇದೆ. ಫೆರಾರಿ 0674 ಎಂಬ ಕಾರು 1957ರ ಮಿಲ್ಲೆ ಮಿಲ್ಯಾದಲ್ಲಿ 3.8 ಲೀಟರಿನ 315 ಎಸ್ ಆಗಿ ಓಡಿ ಎರಡನೆಯ ಸ್ಥಾನ ಪಡೆಯಿತು. ಮುಂದಿನ ತಿಂಗಳ ಲೆ ಮಾನ್ ರೇಸಿಗೆ ದೊಡ್ಡ ಎಂಜಿನ್ ಪಡೆದು 335 ಎಸ್ ಆಯಿತು. 2016ರಲ್ಲಿ ಪ್ಯಾರಿಸ್ಸಿನಲ್ಲಿ 3 ಕೋಟಿ 20 ಲಕ್ಷ ಯೂರೊ ಮೀರಿದ ಬೆಲೆಗೆ ಅದು ಮಾರಾಟವಾದಾಗ, ಈ ಮಾರ್ಪಾಡು ಅದರ ಮೌಲ್ಯವನ್ನು ತಗ್ಗಿಸಲಿಲ್ಲ. ಬದಲಾವಣೆ ಆದದ್ದು ಕಾರ್ಖಾನೆಯಲ್ಲಿ, ರೇಸಿನ ಬದುಕಿನ ನಡುವೆ, ದಾಖಲೆ ಸಹಿತ ಎಂಬುದೇ ಇದಕ್ಕೆ ಕಾರಣ. ಅದೇ ಕೆಲಸವನ್ನು ಮೂವತ್ತು ವರ್ಷಗಳ ನಂತರ ಬೇರೊಬ್ಬ ಮಾಡಿದ್ದರೆ ತೀರ್ಪು ಬೇರೆಯಾಗುತ್ತಿತ್ತು.

ಬೆಲೆ ಏರತೊಡಗಿದ ಮೇಲೆ ಕಾರುಗಳ ಸಂಖ್ಯೆಯೂ ಏರಿತು. ಬ್ರಿಟನ್ನಿನಲ್ಲಿ ಕ್ಯಾಮೆರಾನ್ ಮಿಲ್ಲರ್, ಉಳಿದಿದ್ದ ಮಸೆರಾಟಿ ಭಾಗಗಳ ನೆರವಿನಿಂದ ಕಟ್ಟಿಸಿದ 250ಎಫ್‌ಗಳಿಗೆ ತಮ್ಮ ಹೆಸರಿನ ಸಿಎಂ ಅಕ್ಷರಗಳ ಪ್ರತ್ಯೇಕ ಸಂಖ್ಯೆ ಕೊಟ್ಟದ್ದು ಪ್ರಾಮಾಣಿಕ ಮಾರ್ಗ. ಆ ಕಾರುಗಳನ್ನು ಯಾರೂ ಮೂಲವೆಂದು ತಪ್ಪಾಗಿ ತಿಳಿಯಬೇಕಿಲ್ಲ. ಸುಮಾರು 950ರಷ್ಟು ತಯಾರಾಗಿದ್ದ ನಾಲ್ಕು ಆಸನದ 250 ಜಿಟಿಇ ಕಾರುಗಳ ಪಾಡು ಮಾತ್ರ ವಿಷಾದಕರ. ಅವುಗಳ ಎಂಜಿನ್ ಜಿಟಿಒದ ಎಂಜಿನ್ನಿನ ಹತ್ತಿರದ ನೆಂಟನಾದುದರಿಂದ, ಎಷ್ಟೋ ಕಾರುಗಳನ್ನು ಬಿಚ್ಚಿ, ಚೌಕಟ್ಟು ಕತ್ತರಿಸಿ, ಜಿಟಿಒ ಪ್ರತಿಕೃತಿಗಳಿಗೆ ಬಲಿಕೊಡಲಾಯಿತು. ಹುಟ್ಟಿನಿಂದ ನಿಜವಾದ ಫೆರಾರಿಯೊಂದನ್ನು ಹೀಗೆ ಇನ್ನೊಂದರ ವೇಷಕ್ಕಾಗಿ ಹಾಳುಮಾಡಿದ್ದು ಆ ಕಾಲದ ಅಭಿರುಚಿಯ ಬಗ್ಗೆ ಒಳ್ಳೆಯ ಮಾತನ್ನೇನೂ ಹೇಳುವುದಿಲ್ಲ.

ನ್ಯಾಯಾಲಯದ ಮೆಟ್ಟಿಲೇರಿದ ಪ್ರಕರಣಗಳಲ್ಲಿ ಫೆರಾರಿ 375 ಪ್ಲಸ್, ಸಂಖ್ಯೆ 0384 ಎಎಂ, ಹೆಚ್ಚು ಸಿಕ್ಕುಸಿಕ್ಕಾದದ್ದು. 1954ರಲ್ಲಿ ಕಾರ್ಖಾನೆಯ ತಂಡಕ್ಕಾಗಿ ಓಡಿದ ಈ ಐದು ಲೀಟರಿನ ಕಾರು ಅಮೆರಿಕಕ್ಕೆ ಮಾರಾಟವಾಗಿ, ಒಹಾಯೊ ರಾಜ್ಯದಲ್ಲಿ ಜೀರ್ಣಾವಸ್ಥೆಯಲ್ಲಿ ಬಿದ್ದಿತ್ತು. 1980ರ ದಶಕದಲ್ಲಿ ಅಲ್ಲಿಂದ ಕಳುವಾಗಿ ಬೆಲ್ಜಿಯಂನಲ್ಲಿ ಕಾಣಿಸಿಕೊಂಡು ಜೀರ್ಣೋದ್ಧಾರ ಪಡೆಯಿತು. ಯಾರು ಒಡೆಯರೆಂಬ ದೀರ್ಘ ವ್ಯಾಜ್ಯದ ನಂತರ, ಕಕ್ಷಿದಾರರ ಒಪ್ಪಂದದಂತೆ 2014ರಲ್ಲಿ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ 1 ಕೋಟಿ 7 ಲಕ್ಷ ಪೌಂಡ್ ಮೀರಿ ಹರಾಜಾಯಿತಾದರೂ, ತಂಟೆ ಅಲ್ಲಿಗೂ ಮುಗಿಯದೆ ಲಂಡನ್ನಿನ ನ್ಯಾಯಾಲಯಕ್ಕೆ ಹೋಯಿತು. ಇಲ್ಲಿ ಕಾರಿನ ಗುರುತಿನ ಬಗ್ಗೆ ಅಷ್ಟೇನೂ ಅನುಮಾನವಿರಲಿಲ್ಲ ಎಂಬುದನ್ನು ಗಮನಿಸಬೇಕು. ಗುರುತು ಸ್ಪಷ್ಟವಾಗಿದ್ದರೂ ಒಡೆತನ ಸ್ಪಷ್ಟವಾಗಿರಬೇಕೆಂದಿಲ್ಲ.

ಗುರುತನ್ನೇ ನೇರವಾಗಿ ತೂಗಿದ ತೀರ್ಪು ಬಂದದ್ದು ಇಟಲಿಯ ಕಾರಿನ ವಿಷಯದಲ್ಲಲ್ಲ, ‘ಓಲ್ಡ್ ನಂಬರ್ ಒನ್’ ಎಂದು ಹೆಸರಾದ ಬೆಂಟ್ಲಿಯ ವಿಷಯದಲ್ಲಿ. ಭಾಗಗಳು ಹೆಚ್ಚುಕಡಿಮೆ ಎಲ್ಲ ಬದಲಾಗಿದ್ದರೂ, ಬದಲಾವಣೆಗಳು ಒಂದರ ಬೆನ್ನಿಗೊಂದು ಕ್ರಮವಾಗಿ ನಡೆದು ಕಾರಿನ ಬಾಳು ಎಲ್ಲಿಯೂ ಕಡಿಯದಿದ್ದುದರಿಂದ ಆ ಹೆಸರು ಅದಕ್ಕೇ ಸಲ್ಲಬೇಕೆಂದು ಇಂಗ್ಲೆಂಡಿನ ಹೈಕೋರ್ಟ್ 1990ರಲ್ಲಿ ಹೇಳಿತು. ಅದಕ್ಕೆ ಮೂರು ವರ್ಷ ಮೊದಲೇ ಜೆಂಕಿನ್ಸನ್ ಹಳೆಯ ರೇಸ್ ಕಾರುಗಳ ಕುರಿತ ತಮ್ಮ ಪುಸ್ತಕದಲ್ಲಿ ಒಂದು ವರ್ಗೀಕರಣವನ್ನು ಮುಂದಿಟ್ಟಿದ್ದರು. ಹುಟ್ಟಿದಂತೆಯೇ ಉಳಿದ ಮೂಲ ಕಾರು ತೀರ ಅಪರೂಪ. ಭಾಗಗಳು ಬದಲಾದರೂ ಬಾಳು ಕಡಿಯದ ಕಾರನ್ನು ನೈಜ ಎನ್ನಬಹುದು. ಸತ್ತುಹೋಗಿದ್ದ ಕಾರನ್ನು ಅದರದೇ ಅವಶೇಷಗಳಿಂದ ಎಬ್ಬಿಸಿದರೆ ಅದು ಪುನರುತ್ಥಾನ. ಒಂದೆರಡು ಹಳೆಯ ಭಾಗಗಳ ಸುತ್ತ ಕಟ್ಟಿದ್ದು ಪುನರ್ನಿರ್ಮಾಣ. ಹಳೆಯದೇನೂ ಇಲ್ಲದಿದ್ದರೆ ಬರೀ ಪ್ರತಿರೂಪ. ಈ ವಿಂಗಡಣೆಗಿಂತ ಉತ್ತಮವಾದದ್ದು ಅನಂತರ ಬಂದಂತಿಲ್ಲ. ಹರಾಜಿನ ಕ್ಯಾಟಲಾಗುಗಳು ಈ ಪದಗಳನ್ನು ಆದಷ್ಟು ದೂರವಿಡುವುದಕ್ಕೂ ಅದೇ ಕಾರಣವಿರಬೇಕು.

ಲೋಹದ ಪರೀಕ್ಷೆಯೂ ಈಗ ನೆರವಿಗೆ ಬಂದಿದೆ. ಅಚ್ಚು ಹೊಡೆದಾಗ ಅಂಕಿಯ ಕೆಳಗಿನ ಉಕ್ಕು ಒತ್ತಡಕ್ಕೆ ಸಿಕ್ಕು ಗಟ್ಟಿಯಾಗುತ್ತದೆ. ಮೇಲ್ಮೈಯನ್ನು ಅರದಿಂದ ತಿಕ್ಕಿ ಅಳಿಸಿದರೂ ಆ ಒತ್ತಡದ ಗುರುತು ಆಳದಲ್ಲಿ ಉಳಿಯುವುದರಿಂದ, ಆಮ್ಲ ಸವರಿ ಅಥವಾ ಕಾಂತೀಯ ವಿಧಾನದಿಂದ ಹಳೆಯ ಅಂಕಿಯನ್ನು ಮತ್ತೆ ಕಾಣಿಸಬಹುದು. ಇನ್ನೊಂದೆಡೆ ಫೆರಾರಿ ಕಂಪನಿಯೇ ತನ್ನ ಕ್ಲಾಸಿಕೆ ವಿಭಾಗದ ಮೂಲಕ, ಮೊಡೆನಾ ಬಳಿಯ ಮರನೆಲ್ಲೊದಲ್ಲಿರುವ ತಯಾರಿಕಾ ಕಡತಗಳೊಂದಿಗೆ ಹೋಲಿಸಿ ಪ್ರಮಾಣಪತ್ರ ನೀಡುತ್ತಿದೆ. ಮಾರುಕಟ್ಟೆ ಅದಕ್ಕೆ ದೊಡ್ಡ ಬೆಲೆ ಕೊಡುತ್ತದೆ. ಆದರೆ ಪ್ರಮಾಣಪತ್ರ ಕೊಡುವವರೇ ಕಳೆದುಹೋದ ಎಂಜಿನ್ನಿಗೆ ಬದಲಿಯನ್ನು ಎರಕ ಹೊಯ್ದು ಕೊಡುವವರೂ ಆಗಿರುವಾಗ, ಇತಿಹಾಸಕಾರ ಅದನ್ನು ಕೊನೆಯ ಮಾತೆಂದು ಒಪ್ಪಬೇಕಿಲ್ಲ. ಆಲ್ಫಾ ರೋಮಿಯೊದ 8ಸಿ 2300 ಕಾರುಗಳನ್ನು ಒಂದೊಂದಾಗಿ ಬೆನ್ನಟ್ಟಿ ಮೂರು ಸಂಪುಟಗಳಲ್ಲಿ ದಾಖಲಿಸಿದ ಸೈಮನ್ ಮೂರ್ ಅವರಂತಹ ಸ್ವತಂತ್ರ ಸಂಶೋಧಕರ ಕೆಲಸವೇ ಈ ಕ್ಷೇತ್ರದ ನಿಜವಾದ ಅಡಿಪಾಯ.

ಹಳೆಯ ಕಾರುಗಳ ರೇಸಿನಲ್ಲಿ ಭಾಗವಹಿಸಲು ಎಫ್‌ಐಎ ನೀಡುವ ತಾಂತ್ರಿಕ ಪಾಸ್‌ಪೋರ್ಟನ್ನು ಹಲವರು ನೈಜತೆಯ ಪುರಾವೆಯೆಂದು ಭಾವಿಸುವುದುಂಟು. ಆ ಪಾಸ್‌ಪೋರ್ಟ್ ಖಾತರಿಪಡಿಸುವುದು ಕಾರಿನ ರಚನೆ ಆ ಕಾಲದ ತಾಂತ್ರಿಕ ವಿವರಗಳಿಗೆ ಹೊಂದುತ್ತದೆ ಎಂಬುದನ್ನು ಮಾತ್ರ. ಅದರ ಇತಿಹಾಸಕ್ಕಾಗಲಿ ಹುಟ್ಟಿಗಾಗಲಿ ಒಕ್ಕೂಟ ಹೊಣೆಯಲ್ಲ. ಆದ್ದರಿಂದ 1950ರ ದಶಕದಲ್ಲಿ ಮೊಡೆನಾದಲ್ಲಿ ಹುಟ್ಟಿದ 250ಎಫ್ ಮತ್ತು ಅದಾಗಿ ಎಷ್ಟೋ ವರ್ಷಗಳ ನಂತರ ಇಂಗ್ಲೆಂಡಿನಲ್ಲಿ ಕಟ್ಟಿದ 250ಎಫ್ ಒಂದೇ ರೇಸಿನಲ್ಲಿ, ಒಂದೇ ಬಗೆಯ ಪಾಸ್‌ಪೋರ್ಟಿನೊಂದಿಗೆ, ಅಕ್ಕಪಕ್ಕ ನಿಲ್ಲುವುದಕ್ಕೆ ನಿಯಮದಲ್ಲಿ ಯಾವ ಅಡ್ಡಿಯೂ ಇಲ್ಲ.